ನೆ

ನೀರು ಬೇಕಾ ಅಂತ ನರ್ಸ್ ಬೋಷ್ಕೆ ಕೇಳಿದಳು.
'ನೆ' ಅಂದ ಅಪ್ಪ.
ಅವಳು ಲೋಟ ಎತ್ತಿಕೊಂಡು ಹೋಗಿಯೇಬಿಟ್ಟಳು.

ತಪ್ಪು ಅವಳದಲ್ಲ.
ಹಂಗೇರಿಯನ್ನಿನಲ್ಲಿ 'ನೆ' ಅಂದರೆ ಬೇಡ, ಕೂಡದು,
ಮುಟ್ಟೀಯ ಆ ಒಲೆ.
ಅಪ್ಪ ಅಂದದ್ದು ಗ್ರೀಕರ 'ನೆ'. ಹೌದು.
ಎಪ್ಪತ್ತು ವರ್ಷ ನಾಲಗೆಯಡಿ ಮಡಿಸಿಟ್ಟು
ಹಬ್ಬಕ್ಕೆ ಮಾತ್ರ ಬಿಚ್ಚುತ್ತಿದ್ದ ಹೌದು.

ಲಕ್ವ ಹೊಡೆದ ರಾತ್ರಿ ಹಂಗೇರಿಯನ್ ಪೂರಾ ಹೋಯಿತು:
ಮಗ್ಗಿ ಕಲಿತದ್ದು, ಸಂಬಳ ಎಣಿಸಿದ್ದು,
ಫುಟ್‌ಬಾಲಿಗೆ ಕಿರುಚಿದ್ದು, ಅಮ್ಮನ ಹತ್ತಿರ ಸೋತದ್ದು.
ಉಳಿದದ್ದು ಏಳು ವರ್ಷದ ಹುಡುಗನೊಬ್ಬನ ಗ್ರೀಕ್.
ಮೇಕೆ. ಗುಡ್ಡ. ಅಜ್ಜಿ. ಹಸಿವು. ಹೌದು.
ಡಾಕ್ಟರು ಹಾಳೆಯಲ್ಲಿ 'ಮಾತು ಅಸಂಬದ್ಧ' ಎಂದು ಬರೆದಿದ್ದರು.
ಪೆನ್ನು ಕೇಳಿ ಪಡೆದು
ಅದರ ಕೆಳಗೆ ನಾನು ಬರೆದೆ: ಗ್ರೀಕ್.

ಆ ಹುಡುಗ ಬಂದಿಳಿದದ್ದು ನಲವತ್ತೆಂಟರ ಚಳಿಗೆ,
ಯುದ್ಧ ಹೊರಗೆ ದೂಡಿದ ಮಕ್ಕಳ ರೈಲಿನಲ್ಲಿ.
ಕೊರಳಲ್ಲಿ ರಟ್ಟಿನ ಚೀಟಿ: ಥ್ರಾಸಿವುಲೋಸ್.
ಅನಾಥಾಲಯದಲ್ಲಿ ಅವನು ಬೂಟು ಕೇಳಿದ, ಪಾಪೂತ್ಸಿಯಾ.
ಮೇಲ್ವಿಚಾರಕಿಗೆ ಖುಷಿಯೋ ಖುಷಿ, ಅರ್ಥವಾಯಿತಲ್ಲ!
ಓಡಿಹೋಗಿ ತಂದಳು ಪಪುಚ್,
ಮನೆಯೊಳಗೆ ಮೆಟ್ಟುವ ಬಟ್ಟೆಯ ಚಪ್ಪಲಿ.
ಯಾವನೋ ತುರ್ಕಿ ಎರಡೂ ಸೀಮೆಗೆ ಮಾರಿ ಹೋದ
ಒಂದೇ ಪಾಪಾಸು.
ಅಲ್ಲಿ ಬೀದಿಗಾಯಿತು, ಇಲ್ಲಿ ಮಂಚದ ಕಾಲಿಗೆ.
ಹಿಮದಲ್ಲಿ ಅದನ್ನೇ ಮೆಟ್ಟಿ ಶಾಲೆಗೆ ನಡೆದ.
ಹಂಗೇರಿಯನ್ನು ಮೊದಲು ಕಲಿತದ್ದು
ನನ್ನ ಹೆಬ್ಬೆರಳು, ಎನ್ನುತ್ತಿದ್ದ.

ಉಡುಪಿನ ಕಾರ್ಖಾನೆಯಲ್ಲಿ ಅಪ್ಪ ಕೋಟಿನ ಸಾಲು,
ಅಮ್ಮ ಎತೆಲ್ಕಾ ಗುಂಡಿಯ ಸಾಲು.
ಇಬ್ಬರಿಗೂ ಹೊಂದಿದ ಮೊದಲ ಪದ ಜೇಬು.
ಅವಳ ಝೆಬ್, ಅವನ ತ್ಸೇಪಿ.
ಮದುವೆಗೆ ಅಷ್ಟು ಸಾಕಾಯಿತು.
ಮಿಕ್ಕಿದ್ದಕ್ಕೆಲ್ಲ ವ್ಯಾಜ್ಯ.

ಅಪ್ಪನಿಗೆ ಹೊಲಿಗೆ ಪೆಟ್ಟಿಗೆಯೂ ತುಂಬಿದ ಸಂಸಾರ:
ಸೂಜಿ ಹೆಣ್ಣು, ನೂಲಿನ ಗಂಟು ಗಂಡು,
ಗುಂಡಿ ಪಾಪ, ಮಗುವಿನ ಹಾಗೆ, ಎರಡೂ ಅಲ್ಲ.
ಅಮ್ಮನ ಭಾಷೆಗೆ ಆ ಗೊಡವೆಯೇ ಇಲ್ಲ.
ಅವನಿಗೂ ಅವಳಿಗೂ ಒಂದೇ ಸ್ವರ,
ತುಟಿ ದುಂಡಗೆ ಮಾಡಿ ಊದಿದರೆ ಮುಗಿಯಿತು.
ಒಂದು ರಾತ್ರಿ ತಡವಾಗಿ ಬಂದ.
ಯಾರ ಜೊತೆ ಕುಡಿದೆ?
'ವೆಲೆ' ಅಂದ, ಜಾಣ.
ಅವನ ಜೊತೆಯೂ ಆದೀತು, ಅವಳ ಜೊತೆಯೂ ಆದೀತು.
ಅಮ್ಮ ಸೌಟು ಕೆಳಗಿಟ್ಟಳು:
ಅದನ್ನೇ ಈಗ ಗ್ರೀಕಿನಲ್ಲಿ ಹೇಳು.

ಇನ್ನೊಂದಿದೆ, ಅದು ನಗುವ ಮಾತಲ್ಲ.
ಗ್ರೀಕಿನಲ್ಲಿ ಮನೆಯನ್ನು ಹಿಡಿದಿರುತ್ತಾರೆ,
ಕತ್ತರಿ ಹಿಡಿದ ಹಾಗೆ, ಮಗುವಿನ ಕೈ ಹಿಡಿದ ಹಾಗೆ.
ಅಮ್ಮನ ಭಾಷೆಯಲ್ಲಿ ಹಿಡಿಯುವವರು ಯಾರೂ ಇಲ್ಲ.
ಮನೆ ಇದೆ, ನನಗೆ. ಅಷ್ಟೆ.
ಹೋಯಿತೋ, ನಿಂಚ್.
ಬಾಗಿಲಿನ ಚಿಲಕ ಬಿದ್ದ ಸದ್ದಿನ ಒಂದು ಪದ.
ಸುಟ್ಟುಹೋದ ಹಳ್ಳಿ, ಛಾವಣಿಯಿಲ್ಲದ ನಾಲ್ಕು ಗೋಡೆ,
ಅದನ್ನು ಅಪ್ಪ ಎಂಬತ್ತರವರೆಗೆ
ಗ್ರೀಕಿನಲ್ಲಿ ಹಿಡಿದುಕೊಂಡೇ ಇದ್ದ.
ಜನಗಣತಿಯವರು ಬಂದು ಕೇಳಿದಾಗ ಮಾತ್ರ
ತಲೆಯೆತ್ತದೆ, ಕಾಜ ಹೊಲಿಯುತ್ತ: ನಿಂಚ್.

ಬೋಷ್ಕೆಗೆ ಹೇಳಿಕೊಟ್ಟೆ.
ಅವಳು ಮಂಚದ ತಲೆಗೆ ಬಿಳಿ ಟೇಪು ಅಂಟಿಸಿ ಬರೆದಳು:
ಇವರ ಬೇಡ, ಬೇಕು.
ಪಾಳಿ ಬದಲಾದಾಗ ಬಂದ ಹುಡುಗ
ಅದನ್ನು ಎರಡು ಸಲ ಓದಿ, ನನ್ನನ್ನು ನೋಡಿ,
ಸುಮ್ಮನೆ ಲೋಟ ತುಂಬಿದ.

ಡ್ಯಾನ್ಯೂಬಿನ ಮೇಲೆ ಕೊನೆಯ ದೋಣಿಯ ದೀಪ ಹೋಯಿತು.
ನನಗೆ ಕೊನೆಯ ಬಸ್ಸಿತ್ತು.
ಬಗ್ಗಿ, ಎರಡೂ ಭಾಷೆ ಬೆರೆಸಿ ಕೇಳಿದೆ:
ಅಪ್ಪ, ನಾನಿನ್ನು ಹೊರಡಲಾ?

'ನೆ' ಅಂದ.

ಯಾವುದರಲ್ಲಿ ಅಂತ ಕೇಳಲಿಲ್ಲ.
ಕೋಟು ಕಳಚಿ ಕುರ್ಚಿಯ ಬೆನ್ನಿಗೆ ಹಾಕಿದೆ.
ಅವನೇ ಹೊಲಿದ ಕೋಟು. ಒಳಗಡೆ,
ಯಾರಿಗೂ ಕಾಣದಂತೆ, ಮೂರು ಜೇಬು.